ಹನ್ನೊಂದು ದೇಶದ ಹಾಜರಿ

ಈ ಮೇಡಂ ಕಥೆ ಯಾಕೆ ಹೇಳಬೇಕು ಅಂದ್ರೆ, ಹನ್ನೊಂದು ದೇಶದ ಮೇಷ್ಟ್ರುಗಳು ಇವರಿಗೆ ರಜಾ ಚೀಟಿ ಕಳಿಸ್ತಾರೆ. ಇವರು ಅವರಿಗೆ ಮೇಲಧಿಕಾರಿ ಅಲ್ಲ. ಯಾರಿಗೂ ಮೇಲಧಿಕಾರಿ ಅಲ್ಲ. ಒಂಬತ್ತನೇ ಕ್ಲಾಸಿಗೆ ಲೆಕ್ಕ ಹೇಳ್ಕೊಡೋ ಟೀಚರ್, ಅಷ್ಟೇ. ಒಂದು ತಪ್ಪಿಂದ ಹಾಗಾಯ್ತು. ತಪ್ಪು ಗೊತ್ತಾದ ಮೇಲೆ ಬೇರೆಯವರಾಗಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಸಿಕ್ಕ ಕುರ್ಚಿ ಮೇಲೆ ಕೂತಿರೋರು. ಇವರು ಎದ್ದು ಹೇಳಿಬಿಟ್ರು. ಅದಕ್ಕೇ ಇವರ ವಿಷಯ ನಾಲ್ಕು ಜನಕ್ಕೆ ಗೊತ್ತಾಗಬೇಕು.

ಮಕ್ಕಳು ಇಟ್ಟಿರೋ ಹೆಸರು ಹಾಜರಿ ಮೇಡಂ. ಮೂವತ್ತೊಂದು ವರ್ಷದಿಂದ ಕ್ಲಾಸಿಗೆ ಕಾಲಿಟ್ಟ ಕೂಡ್ಲೇ ಮೊದಲು ಹಾಜರಿ, ಆಮೇಲೆ ಉಳಿದಿದ್ದು. ಹೆಸರು ಕರೆಯಲ್ಲ, ನಂಬರ್ ಕರೀತಾರೆ. ಕರೆದು ಕನ್ನಡಕದ ಮೇಲಿಂದ ನೋಡ್ತಾರೆ. ಉತ್ತರ ಬರೋ ತನಕ ಮುಂದಿನ ನಂಬರಿಗೆ ಹೋಗಲ್ಲ. ಅವನು ಬಂದಿಲ್ಲ ಮೇಡಂ ಅಂತ ಪಕ್ಕದವನು ಹೇಳಿದ್ರೂ ಒಂದು ನಿಮಿಷ ಕಾಯ್ತಾರೆ, ಬಾಗಿಲ ಹತ್ತಿರ ಬಂದಿರಬಹುದು ಅಂತ. ಒಂದೊಂದು ಸಲ ಬಂದೂ ಇರ್ತಾನೆ.

ಗಂಡ ಟೈಲರ್. ಮನೆಯ ಮುಂದಿನ ರೂಮೇ ಅಂಗಡಿ. ಒಂದು ಮಿಷನ್ನು, ಒಂದು ಇಸ್ತ್ರಿ ಟೇಬಲ್ಲು, ಒಂದು ಉದ್ದ ಕನ್ನಡಿ. ಹಾಜರಿ ಪುಸ್ತಕಕ್ಕೆ ಪ್ರತಿ ವರ್ಷ ಅವರೇ ಪ್ಯಾಂಟು ಹೊಲಿದು ಉಳಿದ ಬಟ್ಟೇಲಿ ಹೊದಿಕೆ ಹೊಲೀತಾರೆ, ಕೆಂಪು ಪೆನ್ನಿಗೆ ಜೇಬೂ ಇಡ್ತಾರೆ. ಮಗ ಲಾರಿ ಓಡಿಸ್ತಾನೆ, ವಾರಕ್ಕೆ ಒಂದು ದಿನ ಮನೇಲಿರ್ತಾನೆ. ಸೊಸೆಗೆ ಕ್ಲಿನಿಕ್ಕಲ್ಲಿ ಕೆಲಸ. ಬಂದವರಿಗೆ ಟೋಕನ್ ಕೊಟ್ಟು, ಸರದಿ ಬಂದಾಗ ನಂಬರ್ ಕೂಗಬೇಕು. ಅತ್ತೆ ಸೊಸೆಗೆ ಮೊದಲಿಂದ ಚೆನ್ನಾಗಿ ಹೊಂದ್ಕೊಂಡಿದೆ.

ಮೇಡಂ ರಿಟೈರ್ ಆಗೋಕೆ ಎರಡು ವರ್ಷ ಇದ್ದಾಗ ಸ್ಕೂಲಿನ ಹಿಂದಿನ ಗೋಡೆ ಬಿರುಕು ಬಿಡ್ತು. ಅರ್ಧ ಕಟ್ಟಡಕ್ಕೆ ಬೀಗ ಬಿತ್ತು. ಒಂಬತ್ತನೇ ಕ್ಲಾಸು ಮನೇಲಿ ಕೂತು ಫೋನಲ್ಲೇ ಪಾಠ ಕೇಳಬೇಕು ಅಂತಾಯ್ತು. ಮೇಡಂ ಇಸ್ತ್ರಿ ಟೇಬಲ್ ಮುಂದೆ ಕೂತು, ಇಸ್ತ್ರಿ ಪೆಟ್ಟಿಗೆಗೆ ಫೋನ್ ಒರಗಿಸ್ಕೊಂಡು ಹಾಜರಿ ಕರೆದ್ರು. ನಲವತ್ತೊಂದು ಮಕ್ಕಳಲ್ಲಿ ಮೂವತ್ತೆಂಟು ಜನ ಪ್ರೆಸೆಂಟ್ ಮೇಡಂ ಅಂದ್ರು. ಮೇಡಂಗೆ ಸಮಾಧಾನ ಆಯ್ತು. ಇಂಥದ್ದೆಲ್ಲ ಏನೋ ಕಷ್ಟ ಅಂತಿದ್ರಲ್ಲ, ಕಷ್ಟ ಏನೂ ಇಲ್ಲ ಅಂದ್ಕೊಂಡ್ರು. ಮುಕ್ಕಾಲು ಗಂಟೆ ಪಾಠ ಮಾಡಿ, ಅರ್ಥ ಆಯ್ತಾ ಅಂತ ಕೇಳಿದ್ರು. ಯಾರದೋ ಮನೇಲಿ ಕುಕ್ಕರ್ ಕೂಗ್ತು. ಅದು ಬಿಟ್ರೆ ಉತ್ತರ ಇಲ್ಲ. ಫೋನನ್ನ ಬೆರಳಿಂದ ಸರಿಸಿ ಸರಿಸಿ ನೋಡಿದ್ರು. ಉಳಿದಿದ್ದೋರು ಒಂಬತ್ತು ಜನ.

ಮರುದಿನ ಎಂಟು. ಅದರ ಮರುದಿನ ಏಳು.

ತಿಂಗಳಾದ ಮೇಲೆ ಹೆಡ್ ಮಾಸ್ಟರ್ ತಮ್ಮ ರೂಮಿಗೆ ಮೇಡಂನ ಕರೆಸಿದ್ರು. ಈ ಹೆಡ್ ಮಾಸ್ಟರ್ ಒಂದು ಕಾಲದಲ್ಲಿ ಇದೇ ಮೇಡಂ ಕ್ಲಾಸಲ್ಲಿ ಹತ್ತೊಂಬತ್ತನೇ ನಂಬರ್. ಈಗಲೂ ಮೇಡಂ ಒಳಗೆ ಬಂದ್ರೆ ಕುರ್ಚಿ ಬಿಟ್ಟು ಎದ್ದು ನಿಲ್ತಾರೆ, ಕೂತ್ಕೋ ಅಂತ ಅವರು ಹೇಳೋ ತನಕ ಕೂರಲ್ಲ. ಅವತ್ತು ನಿಂತ್ಕೊಂಡೇ ಆಫೀಸಿನ ಕಾಗದ ಓದಿದ್ರು. ಟರ್ಮಿನ ಕೊನೇ ದಿನ ಆಫೀಸಿನ ಸಾಹೇಬ್ರು ಫೋನ್ ಕ್ಲಾಸಿಗೆ ಬಂದು ಎಣಿಸ್ತಾರೆ. ಪಾಠ ಮುಗಿಯೋ ಹೊತ್ತಿಗೆ ಅರ್ಧ ಕ್ಲಾಸಾದ್ರೂ ಇರಬೇಕು. ಇಲ್ಲ ಅಂದ್ರೆ ಆ ಕ್ಲಾಸಿಗೆ ಆಫೀಸಿನವರೇ ರೆಕಾರ್ಡ್ ಮಾಡಿದ ಪಾಠ ಹಾಕ್ತಾರೆ. ಟೀಚರ್‌ಗೆ ಪುಸ್ತಕದ ಉಗ್ರಾಣದಲ್ಲಿ ಕೆಲಸ ಕೊಡ್ತಾರೆ.

ಮೇಡಂ ಕೇಳಿದ್ದು ಒಂದೇ ಮಾತು, ಉಗ್ರಾಣದಲ್ಲಿ ಹಾಜರಿ ಯಾರದ್ದು ಕರೀಲಿ ಅಂತ. ಹೆಡ್ ಮಾಸ್ಟರ್ ತಲೆ ತಗ್ಗಿಸಿದ್ರು. ಆಮೇಲೆ ತಾನೇ ಒಂದು ದಾರಿ ನೋಡಿದೀನಿ ಅಂದ್ರು. ಬೇರೆ ಬೇರೆ ದೇಶದ ಟೀಚರ್‌ಗಳು ಸೇರ್ಕೊಂಡು ಒಂದು ಗುಂಪು ಮಾಡಿದಾರೆ, ಶನಿವಾರ ಸಂಜೆ ನಾಲ್ಕಕ್ಕೆ ಫೋನಲ್ಲಿ ಕೂಡ್ತಾರೆ, ಆನ್‌ಲೈನ್ ಪಾಠಕ್ಕೆ ಯಾರ್ ಯಾರು ಯಾವ ಸಾಧನ ಬಳಸ್ತಾರೆ ಅಂತ ಒಬ್ಬರಿಗೊಬ್ಬರು ತೋರಿಸ್ತಾರೆ. ಮೇಡಂ ಹೆಸರು ಸೇರಿಸಿ ಆಗಿದೆ. ಈ ಶನಿವಾರ ಮೊದಲನೇ ಸಲ ಎಲ್ಲರೂ ಕೂಡೋದು.

ಆ ಶನಿವಾರ ಸೊಸೆ ಕ್ಲಿನಿಕ್ಕಿಂದ ಬೇಗ ಬಂದು ಫೋನ್ ಇಟ್ಟುಕೊಟ್ಟಳು. ಹದಿಮೂರು ಚೌಕ ಬಂದವು. ಹದಿಮೂರು ಮುಖ, ಹನ್ನೊಂದು ದೇಶ. ಒಬ್ಬರ ಕಿಟಕೀಲಿ ಬೆಳಗಿನ ಬಿಸಿಲು, ಇನ್ನೊಬ್ಬರ ಮನೇಲಿ ಆಗಲೇ ದೀಪ ಹಚ್ಚಿದ್ರು. ಗುಂಪು ಕಟ್ಟಿದ ಮೇಷ್ಟ್ರು ಎಲ್ಲರಿಗೂ ನಮಸ್ಕಾರ ಅಂದ್ರು, ಎಲ್ಲರೂ ಬಂದಿದೀರಾ ಅಂತ ಕೇಳಿದ್ರು. ಅಷ್ಟರಲ್ಲಿ ಅವರ ಲೈನ್ ಕಟ್ ಆಯ್ತು.

ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ರು. ಒಂದು ನಿಮಿಷ ಆಯ್ತು. ಎರಡು ನಿಮಿಷ ಆಯ್ತು. ಇಷ್ಟು ಜನ ಸುಮ್ಮನೆ ಎದುರಿಗೆ ಕೂತಿದ್ರೆ ಮೇಡಂ ಕೈ ಸುಮ್ಮನಿರಲ್ಲ. ಹಾಜರಿ ಪುಸ್ತಕದಲ್ಲಿ ಹೊಸ ಹಾಳೆ ತೆಗೆದ್ರು. ಚೌಕದ ಕೆಳಗಿನ ಹೆಸರು ಒಂದೂ ನಾಲಿಗೆಗೆ ಬರೋ ಹಾಗಿರಲಿಲ್ಲ. ಎಡಗಡೆ ಮೇಲಿಂದ ನಂಬರ್ ಹಾಕಿದ್ರು. ಎಲ್ಲರಿಗೂ ಅಷ್ಟಿಷ್ಟು ಬರೋ ಇಂಗ್ಲಿಷ್ ಒಂದಿತ್ತು, ಅದರಲ್ಲೇ ಕರೆದ್ರು. ನಂಬರ್ ಒನ್, ಇಂಥ ಬಣ್ಣದ ಅಂಗಿ ಹಾಕಿರೋರು.

ಅಂಗಿಯವರು ಪ್ರೆಸೆಂಟ್ ಅಂದ್ರು.

ಅವರೂ ಟೀಚರ್ ತಾನೇ. ಹಾಜರಿ ಕರೆಯೋ ದನಿ ಕಿವಿಗೆ ಬಿದ್ರೆ ಬಾಯಿ ತಾನಾಗೇ ತೆರೆಯತ್ತೆ. ನಂಬರ್ ಎರಡೂ ಪ್ರೆಸೆಂಟ್ ಅಂದ್ರು, ಮೂರೂ ಅಂದ್ರು, ಐದನೇ ನಂಬರ್ ಎದ್ದೇ ನಿಂತ್ರು. ಹನ್ನೆರಡಕ್ಕೆ ಬರೋ ಹೊತ್ತಿಗೆ ಗುಂಪು ಕಟ್ಟಿದ ಮೇಷ್ಟ್ರ ಲೈನ್ ಮತ್ತೆ ಸಿಕ್ತು. ಅವರಿಗೆ ಹದಿಮೂರನೇ ನಂಬರ್ ಬಂತು. ಅವರೂ ಪ್ರೆಸೆಂಟ್ ಅಂದು, ತಡ ಆಗಿದ್ದಕ್ಕೆ ಕ್ಷಮಿಸಿ ಅಂದ್ರು. ಮೇಡಂ ಪರವಾಗಿಲ್ಲ ಅಂದು ಬರ್ಕೊಂಡ್ರು. ಇವರು ಯಾರು, ಎಲ್ಲಿಂದ ಬಂದ್ರು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಎರಡನೇ ಶನಿವಾರ ಮೇಡಂ ಎರಡು ನಿಮಿಷ ತಡವಾಗಿ ಬಂದ್ರು. ಅಲ್ಲಿ ತನಕ ಯಾರೂ ಮಾತು ಶುರು ಮಾಡದೆ ಕಾಯ್ತಿದ್ರು. ಮೂರನೇ ವಾರ ಎಂಟನೇ ನಂಬರಿಂದ ಒಂದು ಚೀಟಿ ಬಂತು. ವಯಸ್ಸಾದ ಚರಿತ್ರೆ ಮೇಷ್ಟ್ರು ಅವರು. ಹಲ್ಲು ಕೀಳಿಸಬೇಕಾಗಿದೆ, ಶನಿವಾರ ಒಂದು ದಿನ ರಜೆ ಬೇಕು ಅಂತ ಬರೆದು, ಡಾಕ್ಟರ್ ಚೀಟಿಯ ಫೋಟೋನೂ ಲಗತ್ತಿಸಿದ್ರು. ಇದೇನಪ್ಪ ಅಂತ ಮೇಡಂಗೆ ಅನಿಸ್ತು. ಈ ಗುಂಪಲ್ಲಿ ಇದೇ ರೂಢಿ ಇರಬೇಕು, ತನ್ನ ಫೋನಿಗೆ ಬಂದಿದೆ ಅಂದ್ರೆ ಉತ್ತರ ಕೊಡಬೇಕು ಅಂದ್ಕೊಂಡು, ಮಂಜೂರು ಮಾಡಲಾಗಿದೆ ಅಂತ ಬರೆದು ಸಹಿ ಹಾಕಿ ಕಳಿಸಿದ್ರು.

ಗುಂಪಲ್ಲಿ ಒಬ್ಬೊಬ್ಬರು ಒಂದೊಂದು ಸಾಧನ ತೋರಿಸ್ತಿದ್ರು. ಹನ್ನೊಂದನೇ ನಂಬರ್ ತೋರಿಸಿದ್ದು ಒಂದು ಚಕ್ರ, ಮಕ್ಕಳ ಹೆಸರು ಹಾಕಿ ತಿರುಗಿಸಿದ್ರೆ ಯಾರದೋ ಹೆಸರಲ್ಲಿ ನಿಲ್ಲತ್ತೆ. ನಾಲ್ಕನೇ ನಂಬರ್ ತೋರಿಸಿದ್ದು ಎಲ್ಲ ಮಕ್ಕಳೂ ಒಟ್ಟಿಗೆ ಬರೆಯೋಕಾಗೋ ಬೋರ್ಡು. ಆರನೇ ನಂಬರ್ ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿ, ಅವಳು ಬಣ್ಣದ ಪ್ರಶ್ನೆ ಕಾರ್ಡು ತೋರಿಸಿದಳು. ಎಲ್ಲರೂ ಕೊನೇಲಿ ಹೇಳೋದು ಒಂದೇ. ನನ್ನ ಕ್ಲಾಸಲ್ಲಿ ಎಲ್ಲ ಮಕ್ಕಳೂ ಕೊನೇ ತನಕ ಇರ್ತಾರೆ, ತುಂಬ ಆಸಕ್ತಿ, ಏನೂ ತೊಂದರೆ ಇಲ್ಲ.

ಮೇಡಂ ಕೇಳಿದ್ದನ್ನೆಲ್ಲ ಸೋಮವಾರ ತನ್ನ ಕ್ಲಾಸಲ್ಲಿ ಮಾಡಿ ನೋಡಿದ್ರು. ಚಕ್ರ ಆ ಹಳೇ ಫೋನಲ್ಲಿ ಅರ್ಧ ಸುತ್ತು ತಿರುಗಿ ನಿಂತೋಯ್ತು, ದಿನಾ ಅಲ್ಲೇ ನಿಲ್ತಿತ್ತು, ದಿನಾ ಅದೇ ಹುಡುಗನ ಮೇಲೆ. ಒಟ್ಟಿಗೆ ಬರೆಯೋ ಬೋರ್ಡಲ್ಲಿ ತ್ರಿಕೋನ ಬರೆದು ಎರಡು ನಿಮಿಷಕ್ಕೆ ಮಕ್ಕಳು ಅದಕ್ಕೆ ಮೀಸೆ, ಟೋಪಿ, ಬೀಡಿ ಎಲ್ಲ ಬರೆದ್ರು. ಬಣ್ಣದ ಕಾರ್ಡಿಗೆ ಹನ್ನೊಂದು ಜನ ಉಳಿದ್ರು. ಮರುದಿನ ಮತ್ತೆ ಏಳು.

ಮೇಡಂ ಮಾತು ಕಮ್ಮಿ ಆಯ್ತು. ಎಲ್ಲರ ಕ್ಲಾಸೂ ತುಂಬಿದೆ, ತನ್ನದೊಂದೇ ಖಾಲಿ. ಅಂದ್ರೆ ದೋಷ ಸಾಧನದ್ದಲ್ಲ. ಒಂದು ದಿನ ಯಾರಿಗೂ ಹೇಳದೆ ಉಗ್ರಾಣ ನೋಡ್ಕೊಂಡು ಬಂದ್ರು. ಕಿಟಕಿ ಎಷ್ಟು ಎತ್ತರ ಇದೆ ಅಂತ ಗಂಡನ ಟೇಪಿಂದ ಅಳೆದೂ ಬಂದ್ರು. ಟೇಪ್ ಎಲ್ಲಿ ಹೋಯ್ತು ಅಂತ ಟೈಲರ್ ಅರ್ಧ ದಿನ ಹುಡುಕಿದ್ರು. ಹಿಂದಿನಿಂದ ಬಂದು ಟೇಪನ್ನ ಅವರ ಕುತ್ತಿಗೆಗೆ ಹಾಕುವಾಗ ಮೇಡಂ ಅಂದಿದ್ದು ಇಷ್ಟೇ, ಪರದೆ ಒಂದು ಹೊಲಿಬೇಕಾಗಬಹುದು ಅಂತ.

ಟರ್ಮ್ ಮುಗಿಯೋಕೆ ಇನ್ನು ನಾಲ್ಕು ವಾರ. ಆ ಶನಿವಾರ ಎಲ್ಲರೂ ಹೋದ ಮೇಲೆ ಆರನೇ ನಂಬರ್ ಮಾತ್ರ ಉಳ್ಕೊಂಡಳು. ಏನೋ ಕೇಳಬೇಕು ಅಂದಳು. ಕೇಳು ಅಂದ್ರು ಮೇಡಂ. ಅವಳು ತಡವರಿಸ್ಕೊಂಡು, ನನ್ನ ಬಗ್ಗೆ ರಿಪೋರ್ಟಲ್ಲಿ ಏನು ಬರೆದಿದೀರಿ ಅಂದಳು.

ಯಾವ ರಿಪೋರ್ಟು ಅಂತ ಮೇಡಂ ಕೇಳಿದ್ರು.

ಆಗ ಹೊರಗೆ ಬಿತ್ತು. ಹದಿಮೂರು ಜನವೂ ಇವರನ್ನ ಇನ್ಸ್‌ಪೆಕ್ಟರ್ ಅಂದ್ಕೊಂಡಿದ್ರು. ಯಾವ ದೇಶದ ಇನ್ಸ್‌ಪೆಕ್ಟರ್ ಅಂತ ಯಾರಿಗೂ ಗೊತ್ತಿರಲಿಲ್ಲ, ಗುಂಪಿನವರು ನೇಮಿಸಿರಬೇಕು ಅಂತ ಎಲ್ಲರೂ, ಗುಂಪು ಕಟ್ಟಿದವರೂ ಸೇರಿ, ಸುಮ್ಮನಿದ್ರು. ಹುಡುಗಿ ಕಣ್ಣೀರು ಹಾಕ್ಕೊಂಡು ಒಪ್ಪಿಕೊಂಡಳು. ಅವಳ ಕ್ಲಾಸಲ್ಲಿ ಉಳಿಯೋದು ಐದು ಮಕ್ಕಳು. ಅವತ್ತು ಬಣ್ಣದ ಕಾರ್ಡ್ ಹಿಡ್ಕೊಂಡು ನಗ್ತಿದ್ದ ಮಕ್ಕಳು ಅವಳ ಅಕ್ಕನ ಮಕ್ಕಳು.

ಮೇಡಂ ಫೋನ್ ಮುಚ್ಚಿಟ್ಟು ಅಲ್ಲೇ ಕೂತ್ರು. ಟೈಲರ್ ಮಿಷನ್ ನಿಲ್ಲಿಸಿ ಏನಾಯ್ತು ಅಂದ್ರು. ಮೇಡಂ ಹೇಳಿದ ಮೇಲೆ, ಅವರಾಗಿ ಮರ್ಯಾದೆ ಕೊಟ್ಟಿದಾರೆ, ನೀನೇನೂ ಕೇಳಿ ಇಸ್ಕೊಂಡಿಲ್ಲ, ನಾಲ್ಕು ವಾರ ಇನ್ಸ್‌ಪೆಕ್ಟರ್ ಆಗಿದ್ದುಬಿಡು ಅಂದ್ರು.

ಸೊಸೆ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ಅವರೆಲ್ಲ ನಿಮಗೆ ಹೆದರ್ಕೊಂಡು ಸುಳ್ಳು ಹೇಳಿದಾರೆ. ಹಾಗಾದ್ರೆ ಅವರ ಕ್ಲಾಸೂ ಖಾಲಿ ಇರಬೇಕಲ್ವಾ?"

"ಇರಬಹುದು."

"ಮತ್ತೆ ನೀವು ಹೇಳಿಬಿಡಿ. ನಿಮ್ಮದು ಖಾಲಿ ಅಂತ."

"ಅದೇ ಕಷ್ಟ ಕಣೇ," ಅಂದ್ರು ಮೇಡಂ. "ಇನ್ಸ್‌ಪೆಕ್ಟರ್ ಅಲ್ಲ ಅನ್ನೋದು ಸುಲಭ."

ಮೂವತ್ತೊಂದು ವರ್ಷದಲ್ಲಿ ತನ್ನ ಕ್ಲಾಸಲ್ಲಿ ಮಕ್ಕಳು ಕೂರಲ್ಲ ಅಂತ ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳೋ ಸಂದರ್ಭವೇ ಬಂದಿರಲಿಲ್ಲ. ಕ್ಲಾಸ್ ರೂಮಿಗೆ ಬಾಗಿಲು ಒಂದೇ, ಆ ಬಾಗಿಲ ಹತ್ತಿರ ಇವರ ಮೇಜು.

ಮುಂದಿನ ಶನಿವಾರ ಹಾಜರಿ ಕರೆದ್ರು. ಹದಿಮೂರೂ ಪ್ರೆಸೆಂಟ್. ಪುಸ್ತಕ ಮುಚ್ಚಿ ಕನ್ನಡಕ ತೆಗೆದ್ರು.

"ನಾನು ಇನ್ಸ್‌ಪೆಕ್ಟರ್ ಅಲ್ಲ. ನಿಮ್ಮ ಹಾಗೇ ಟೀಚರ್. ನನ್ನ ಕ್ಲಾಸಲ್ಲಿ ನಲವತ್ತೊಂದು ಮಕ್ಕಳು, ಕೊನೇಲಿ ಉಳಿಯೋದು ಏಳು. ಮೂರು ವಾರದಲ್ಲಿ ಇಪ್ಪತ್ತೊಂದು ಆಗದೆ ಇದ್ರೆ ನನ್ನ ಕ್ಲಾಸ್ ತೆಗೀತಾರೆ. ಯಾರಿಗಾದ್ರೂ ಏನಾದ್ರೂ ಗೊತ್ತಿದ್ರೆ ಹೇಳಿ."

ಮೇಡಂ ಕಾದ್ರು. ಕಾಯೋದು ಅವರಿಗೆ ಅಭ್ಯಾಸ. ಆಮೇಲೆ ಒಂದನೇ ನಂಬರ್, ನನ್ನದು ಆರು ಅಂದ್ರು. ಎರಡನೇ ನಂಬರ್ ನಾಲ್ಕು ಅಂದ್ರು. ಮೂರನೆಯವರು ಹತ್ತು, ಅದರಲ್ಲಿ ಇಬ್ಬರು ನಿದ್ದೆ ಅಂದ್ರು. ಯಾರೂ ಕರೀದೇನೇ ನಂಬರ್ ಪ್ರಕಾರ ಹೇಳ್ತಾ ಹೋದ್ರು. ಮೇಡಂ ಮತ್ತೆ ಪುಸ್ತಕ ತೆಗೆದು ಎಲ್ಲ ಬರ್ಕೊಂಡ್ರು. ಹನ್ನೆರಡನೇ ನಂಬರ್ ಮೂವತ್ತಾರು ಅಂದ್ರು. ಎಲ್ಲರೂ ಅವರನ್ನೇ ನೋಡಿದ್ರು. ಅವರು ಕೆಮ್ಮಿ, ಮೂರು ಅಂತ ತಿದ್ದಿದ್ರು.

ಎಂಟನೇ ನಂಬರ್ ಕೈ ಎತ್ತಿದ್ರು. ಹಾಗಾದ್ರೆ ಅವತ್ತಿನ ತನ್ನ ಹಲ್ಲಿನ ರಜೆ ಲೆಕ್ಕಕ್ಕೆ ಬರತ್ತಾ ಇಲ್ವಾ ಅಂತ ಕೇಳಿದ್ರು.

"ಮಂಜೂರಾಗಿದ್ದನ್ನ ವಾಪಸ್ ತಗೊಳಲ್ಲ," ಅಂದ್ರು ಮೇಡಂ.

ಅವತ್ತು ಮೊದಲ ಸಲ ಆ ಗುಂಪಲ್ಲಿ ನಿಜವಾದ ಕೆಲಸ ಆಯ್ತು. ಯಾವ ಸಾಧನ ಎಲ್ಲಿ ಕೈ ಕೊಟ್ಟಿತು ಅಂತ ಒಬ್ಬೊಬ್ಬರೇ ಹೇಳಿದ್ರು. ಆರನೇ ನಂಬರ್, ನಿಮ್ಮ ಒಂದು ಕ್ಲಾಸ್ ನೋಡ್ತೀನಿ ಅಂದಳು. ಮಂಗಳವಾರ ಬಂದು ಮೂಲೆ ಚೌಕದಲ್ಲಿ ಕೂತಳು. ಮೇಡಂ ಭಾಷೆ ಅವಳಿಗೆ ಒಂದು ಅಕ್ಷರವೂ ಬರಲ್ಲ. ಒಳ್ಳೇದೇ ಆಯ್ತು. ಪಾಠ ಅರ್ಥ ಆಗಿದ್ರೆ ಪಾಠ ಕೇಳಿರೋಳು. ಅರ್ಥ ಆಗದೆ ಇದ್ದಿದ್ದಕ್ಕೆ ಬರೀ ಚೌಕ ನೋಡಿದಳು, ಯಾವುದು ಯಾವಾಗ ಆರಿ ಹೋಗತ್ತೆ ಅಂತ ಪುಸ್ತಕದಲ್ಲಿ ಬರ್ಕೊಂಡಳು.

ಸಂಜೆ ಫೋನ್ ಮಾಡಿ ಹೇಳಿದಳು. ಹಾಜರಿಗೆ ಹದಿನಾಲ್ಕು ನಿಮಿಷ ಆಗತ್ತೆ. ಒಂದನೇ ನಂಬರ್ ಪ್ರೆಸೆಂಟ್ ಅಂದು ಅರ್ಧ ನಿಮಿಷಕ್ಕೆ ಹೊರಟ. ಎರಡು, ಮೂರು ಅವನ ಹಿಂದೆ. ಯಾರ ನಂಬರ್ ಆಗತ್ತೋ ಅವರು ಎದ್ದು ಹೋಗ್ತಾರೆ. ಕೊನೇ ತನಕ ಇರೋ ಏಳು ಮಕ್ಕಳು ಯಾರು ಅಂದ್ರೆ, ಮೂವತ್ತೈದರಿಂದ ನಲವತ್ತೊಂದು. ಅವರ ಸರದಿ ಮುಗಿಯೋಕೂ ಲೆಕ್ಕ ಶುರು ಆಗೋಕೂ ಸರಿಹೋಗತ್ತೆ, ಸಿಕ್ಕಿಹಾಕ್ಕೊಳ್ತಾರೆ.

ಮೇಡಂ ಹಾಜರಿ ಪುಸ್ತಕದ ಹೊದಿಕೆ ಸವರಿದ್ರು. ಆಮೇಲೆ, ಹಾಜರಿ ನಿಲ್ಲಿಸಬೇಕಾ ಅಂತ ಕೇಳಿದ್ರು.

"ನಿಲ್ಲಿಸಬೇಡಿ," ಅಂದಳು ಹುಡುಗಿ. "ಮುಗಿಸಬೇಡಿ. ಅವರು ಕಾಯೋದು ನಿಮ್ಮ ಕರೆಗೆ."

ಬುಧವಾರ ಬೆಳಿಗ್ಗೆ ಮೇಡಂ ಗಂಡನ ಹತ್ತಿರ ನಲವತ್ತೊಂದು ಬಟನ್ ಕೇಳಿದ್ರು. ಕೋಟಿನ ದೊಡ್ಡ ಬಟನ್. ಸೊಸೆ ಕೂತು ಒಂದೊಂದಕ್ಕೂ ಉಗುರು ಬಣ್ಣದಲ್ಲಿ ನಂಬರ್ ಬರೆದಳು. ಹನ್ನೊಂದನೇ ನಂಬರಿನವರ ಚಕ್ರ ಈ ಮನೇಲಿ ಒಂದು ತಗಡಿನ ಡಬ್ಬಿ ಆಯ್ತು. ಡಬ್ಬಿ ಅಲ್ಲಾಡಿಸಬೇಕು, ಒಂದು ಬಟನ್ ತೆಗೀಬೇಕು, ಆ ನಂಬರ್ ಕರೀಬೇಕು. ಕರೆದವರು ಪ್ರೆಸೆಂಟ್ ಅಂದು ಲೆಕ್ಕದ ಮುಂದಿನ ಹೆಜ್ಜೆ ಹೇಳಬೇಕು. ಬಟನ್ ಮತ್ತೆ ಡಬ್ಬಿಗೇ ಹಾಕಬೇಕು. ಹಾಜರಿ ಪಾಠದ ಉದ್ದಕ್ಕೂ ನಡೆಯತ್ತೆ, ಮುಗಿಯೋದೇ ಇಲ್ಲ.

ಮೊದಲ ದಿನ ಬಂದಿದ್ದು ಹದಿನೇಳನೇ ಬಟನ್. ಮೇಡಂ ಬಾಯಿಂದ ಆ ನಂಬರ್ ಹೊರಡಲಿಲ್ಲ. ಒಂದು ಕರೀದೆ ಹದಿನೇಳು ಕರೆದು ಅವರಿಗೆ ಗೊತ್ತೇ ಇಲ್ಲ. ಟೈಲರ್ ಮಿಷನ್ ಮೇಲಿಂದ ಬಗ್ಗಿ ನೋಡಿ, ಬಟನ್ ತಪ್ಪು ಬಂತಾ ಅಂದ್ರು. ಇಲ್ಲ ಅಂತ ತಲೆ ಅಲ್ಲಾಡಿಸಿ, ನೀರು ಕುಡಿದು ಕರೆದ್ರು. ಅವತ್ತು ಕೊನೇಲಿ ಹದಿನಾರು ಜನ ಇದ್ರು. ಮಾರನೇ ದಿನ ಒಬ್ಬ ಹುಡುಗ ಎರಡು ಸಲ ಸಿಕ್ಕಿಬಿದ್ದ, ಹತ್ತೊಂಬತ್ತು ಆಯ್ತು. ಡಬ್ಬಿ ಗಲಗಲ ಅಂದ್ರೆ ಮಕ್ಕಳ ಕಿವಿ ನೆಟ್ಟಗಾಗ್ತಿತ್ತು. ಆದ್ರೆ ಇಪ್ಪತ್ತು ದಾಟಲಿಲ್ಲ. ಹದಿನೆಂಟು, ಇಪ್ಪತ್ತು, ಹತ್ತೊಂಬತ್ತು, ಹೀಗೇ ಅಲ್ಲಲ್ಲೇ ಸುತ್ತುತ್ತಿತ್ತು.

ಟರ್ಮಿನ ಕೊನೇ ದಿನ ಸಾಹೇಬ್ರು ಬಂದ್ರು. ಮೇಷ್ಟ್ರಾಗಿ ಇಪ್ಪತ್ತು ವರ್ಷ ಕೆಲಸ ಮಾಡಿ ಆಫೀಸಿಗೆ ಹೋದವರು. ಕ್ಯಾಮರಾ ಆರಿಸಿ, ಒಂದು ಕಪ್ಪು ಚೌಕ ಆಗಿ ಕೂತ್ರು. ಹೆಡ್ ಮಾಸ್ಟರ್ ಇನ್ನೊಂದು ಚೌಕ. ಮುಕ್ಕಾಲು ಪಾಠ ಆಗುವಾಗ ಮಕ್ಕಳು ಇಪ್ಪತ್ತನಾಲ್ಕು ಇದ್ರು. ಆಮೇಲೆ ಇಬ್ಬರು ಹೋದ್ರು. ಇನ್ನೊಬ್ಬ ಹೋದ. ಇಪ್ಪತ್ತೊಂದು. ಪಾಠ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇತ್ತು. ಹೆಡ್ ಮಾಸ್ಟರ್ ಚೌಕದಲ್ಲಿ ಬೆರಳು ಮಡಚೋದು ಕಾಣ್ತಿತ್ತು.

ಮೇಡಂ ಬೋರ್ಡಲ್ಲಿ ಬರೆದಿದ್ದು, ಎರಡು ಎಕ್ಸ್ ಕೂಡಿಸು ಐದು, ಸಮ ಹದಿನೇಳು. ಡಬ್ಬಿ ಅಲ್ಲಾಡಿಸಿದ್ರು. ಹನ್ನೆರಡನೇ ಬಟನ್ ಬಂತು. ಕರೆದ್ರು. ಹನ್ನೆರಡನೇ ನಂಬರಿನ ಹುಡುಗಿ ಅವತ್ತು ಬಂದಿರಲಿಲ್ಲ. ಎಲ್ಲರಿಗೂ ಗೊತ್ತು. ಮೇಡಂಗೂ ಗೊತ್ತು. ಆದ್ರೂ ಕನ್ನಡಕದ ಮೇಲಿಂದ ಫೋನ್ ನೋಡ್ತಾ ಕಾದ್ರು.

ಅರ್ಧ ನಿಮಿಷ ಆಯ್ತು. ಟೈಲರ್ ಮಿಷನ್ ನಿಲ್ಲಿಸಿದ್ರು. ಮುಕ್ಕಾಲು ನಿಮಿಷ ಆಯ್ತು.

"ಪ್ರೆಸೆಂಟ್," ಅಂದ್ರು ಸಾಹೇಬ್ರು.

ಯಾಕೆ ಅಂದ್ರು ಅಂತ ಅವರಿಗೂ ಗೊತ್ತಿಲ್ಲ. ಆ ಮೌನ ತಡೆಯೋಕಾಗಲಿಲ್ಲ ಅಂತ ಆಮೇಲೆ ಹೆಡ್ ಮಾಸ್ಟರ್ ಹತ್ತಿರ ಹೇಳಿದ್ರಂತೆ. ಮೇಡಂ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಮುಂದಿನ ಹೆಜ್ಜೆ ಹೇಳಿ."

"ಎರಡು ಎಕ್ಸ್ ಸಮ," ಅಂತ ಸಾಹೇಬ್ರು ಸ್ವಲ್ಪ ತಡೆದ್ರು, "ಇಪ್ಪತ್ತೆರಡು."

ಮೇಡಂ ಸರಿ ತಪ್ಪು ಏನೂ ಹೇಳದೆ ಡಬ್ಬಿ ಅಲ್ಲಾಡಿಸಿದ್ರು. ಮೂವತ್ತನೇ ನಂಬರಿನವಳು ಪ್ರೆಸೆಂಟ್ ಮೇಡಂ ಅಂದು, ಐದನ್ನ ಆ ಕಡೆ ತಗೊಂಡು ಹೋದ್ರೆ ಕಳೀಬೇಕು, ಹನ್ನೆರಡು ಬರತ್ತೆ ಅಂದಳು. ಸಾಹೇಬ್ರು, ಹೌದು, ಕಳೀಬೇಕು ಅಂದ್ರು.

ಆಮೇಲೆ ಯಾವ ಚೌಕವೂ ಆರಲಿಲ್ಲ. ಬದಲಿಗೆ ಹೊಸದಾಗಿ ಬರೋಕೆ ಶುರು ಆಯ್ತು. ಸಾಹೇಬ್ರಿಗೆ ಲೆಕ್ಕ ತಪ್ಪಿದೆ, ಇನ್ನೊಂದು ಸಲ ಬಟನ್ ಬಿದ್ರೂ ಬೀಳಬಹುದು ಅಂತ ಮಕ್ಕಳು ಒಬ್ಬರಿಗೊಬ್ಬರು ಮೆಸೇಜ್ ಮಾಡ್ಕೊಂಡಿದ್ರು. ಪಾಠ ಮುಗಿದಾಗ ಇಪ್ಪತ್ತೊಂಬತ್ತು ಮಕ್ಕಳು ಇದ್ರು. ಹೆಡ್ ಮಾಸ್ಟರ್ ಎರಡು ಸಲ ಎಣಿಸಿದ್ರು. ಸಾಹೇಬ್ರು ಕಾಗದದಲ್ಲಿ ಬರೆದಿದ್ದು ಒಂದೇ ಸಾಲು, ಈ ಕ್ಲಾಸ್ ಮುಂದುವರಿಸಬಹುದು. ಉಗ್ರಾಣದ ಕಿಟಕಿಗೆ ಇವತ್ತಿಗೂ ಪರದೆ ಇಲ್ಲ.

ಆ ಶನಿವಾರ ಮೇಡಂ ಗುಂಪಲ್ಲಿ ಡಬ್ಬಿ ಎತ್ತಿ ತೋರಿಸಿದ್ರು. ಅದು ಹೇಗೆ ಬಳಸೋದು ಅಂತ ಆರನೇ ನಂಬರ್ ಎಲ್ಲರಿಗೂ ವಿವರಿಸಿದಳು, ಏನೂ ಬಣ್ಣ ಕಟ್ಟದೆ. ಈಗ ಹನ್ನೊಂದು ದೇಶದಲ್ಲಿ ಡಬ್ಬಿ ಅಲ್ಲಾಡ್ತಿದೆ. ಒಬ್ಬರು ಬಾಟ್ಲಿ ಮುಚ್ಚಳ ಹಾಕಿದಾರೆ, ಒಬ್ಬರು ಬೆಣಚು ಕಲ್ಲು. ಎಂಟನೇ ನಂಬರ್ ತಮ್ಮ ಡಬ್ಬಿಯ ಫೋಟೋ ಕಳಿಸಿದ್ರು, ಕೀಳಿಸಿದ ಹಲ್ಲೂ ಅದರಲ್ಲಿತ್ತು. ಅದಕ್ಕೆ ಯಾವ ನಂಬರ್ ಅಂತ ಯಾರೂ ಕೇಳಲಿಲ್ಲ.

ರಜಾ ಚೀಟಿ ಇನ್ನೂ ಬರ್ತಿದೆ. ಇವರು ಇನ್ಸ್‌ಪೆಕ್ಟರ್ ಅಲ್ಲ ಅಂತ ಎಲ್ಲರಿಗೂ ಗೊತ್ತು, ಆದ್ರೂ ಕಳಿಸ್ತಾರೆ. ಮೇಡಂ ಓದಿ ಮಂಜೂರು ಮಾಡ್ತಾರೆ. ಹೋದ ತಿಂಗಳು ಒಂದನ್ನ ಮಂಜೂರು ಮಾಡಲಿಲ್ಲ, ಕಾರಣ ಸರಿಯಾಗಿ ಬರೆದಿರಲಿಲ್ಲ. ಅವರು ತಿರುಗಿ ಬರೆದು ಕಳಿಸಿದ್ರು.

ನಿಮಗೆ ಬಿಡುವಿದ್ರೆ ಹೋಗಿ ಈ ಮೇಡಂನ ನೋಡಿ. ಟೀಚರ್ ಆಗಿದ್ರೆ ತಪ್ಪದೆ ಹೋಗಿ, ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಉಳೀತಾರೆ ಅಂತ ನಿಜ ಹೇಳಿ, ಅವರೇನೂ ಅಂದ್ಕೊಳ್ಳಲ್ಲ. ಮುಂದಿನ ರೂಮಲ್ಲಿ ಟೈಲರ್ ಇರ್ತಾರೆ, ಅಳತೆ ಕೊಡೋಕೆ ಬಂದಿಲ್ಲ ಅಂತ ಮೊದಲೇ ಹೇಳಿ, ಇಲ್ಲ ಅಂದ್ರೆ ಟೇಪ್ ಹಿಡೀತಾರೆ. ಶನಿವಾರ ಆದ್ರೆ ನಾಲ್ಕು ಗಂಟೆ ಒಳಗೆ ಹೋಗಿ. ತಡ ಆದ್ರೆ ಕಾರಣ ಹೇಳಬೇಕಾಗತ್ತೆ. ಒಳಗೆ ಕೂತ ಮೇಲೆ ನಿಮಗೂ ಒಂದು ನಂಬರ್ ಕೊಡ್ತಾರೆ. ಕರೆದಾಗ ಹೇಳಿ. ಹೇಳೋ ತನಕ ಅವರು ಕಾಯ್ತಾರೆ.